ವರ್ತಕರ ಸಂಘ ದಂಡು ಕಟ್ಟಿದ್ದು

ಯಾವ ಊರಿನ ವರ್ತಕರ ಸಂಘವನ್ನೇ ನೋಡಿ, ಅದರ ಜೀವವಿರುವುದು ರಸೀದಿ ಪುಸ್ತಕದಲ್ಲಿ. ಅಧ್ಯಕ್ಷರಾದವರು ಅವಧಿ ಮುಗಿಸಿ ಮಹಡಿಯ ಹಾಲಿನ ಗೋಡೆ ಮೇಲೆ ಫೋಟೊ ಆಗುತ್ತಾರೆ. ಕಾರ್ಯದರ್ಶಿಗಳು ಜಗಳವಾಡಿ ಬಿಟ್ಟುಹೋಗುತ್ತಾರೆ. ರಸೀದಿ ಪುಸ್ತಕ ಮಾತ್ರ ಬೀರುವಿನಿಂದ ಹೊರಬಂದು ಊರು ಸುತ್ತುತ್ತಲೇ ಇರುತ್ತದೆ. ಗಣೇಶನ ಪೆಂಡಾಲಿಗೆ, ತೇರಿನ ದಿನದ ಪಾನಕ ಕೋಸಂಬರಿಗೆ, ಹೈಸ್ಕೂಲಿನ ಕಾಂಪೌಂಡಿಗೆ, ಹೊಳೆ ತುಂಬಿ ಮನೆ ಕಳೆದುಕೊಂಡವರಿಗೆ, ಎಲ್ಲಕ್ಕೂ ಅದೇ ಪುಸ್ತಕ, ಅದೇ ಕಾರ್ಬನ್ ಹಾಳೆ.

ಚಂದಾ ಎತ್ತುವುದು ಒಂದು ವಿದ್ಯೆ. ಮೊದಲು ಎಲ್ಲರಿಗಿಂತ ಹೆಚ್ಚು ಕೊಡಬಲ್ಲವರ ಅಂಗಡಿಗೆ ಹೋಗಬೇಕು. ಅವರ ಮೊತ್ತವನ್ನು ಪಟ್ಟಿಯ ತಲೆಯಲ್ಲಿ ಎದ್ದು ಕಾಣುವ ಹಾಗೆ ಬರೆಸಬೇಕು. ಆಮೇಲೆ ಪಟ್ಟಿಯನ್ನು ಅವರ ಪ್ರತಿಸ್ಪರ್ಧಿಯ ಗಲ್ಲಾಪೆಟ್ಟಿಗೆಯ ಮೇಲೆ ಸುಮ್ಮನೆ ಬಿಚ್ಚಿಟ್ಟು ಕಾಫಿ ಕುಡಿಯುತ್ತ ಕೂತರಾಯಿತು, ಬಾಯಿ ಬಿಟ್ಟು ಕೇಳಬೇಕಾಗಿಯೇ ಇಲ್ಲ. ಬಟ್ಟೆ ಅಂಗಡಿಯವರು ಐದು ಸಾವಿರ ಬರೆದಮೇಲೆ ಎದುರಿನ ಬಟ್ಟೆ ಅಂಗಡಿಯವರು ಐದುನೂರು ಬರೆದು ನಾಳೆ ಶಟರ್ ಎತ್ತುವುದಾದರೂ ಹೇಗೆ?

ಕಾರ್ಗಿಲ್ ಕಾಲದಲ್ಲಿ ನಮ್ಮೂರಿನ ಸಂಘವೂ ಈ ವಿದ್ಯೆಯನ್ನೆಲ್ಲ ಖರ್ಚು ಮಾಡಿತು. ಹಣ ಚೆನ್ನಾಗಿಯೇ ಕೂಡಿತು. ಚೆಕ್ಕನ್ನು ಸಾಹೇಬರ ಕೈಗೆ ಕೊಡುವಾಗ ಫೋಟೊದಲ್ಲಿ ಯಾರು ಎಲ್ಲಿ ನಿಲ್ಲಬೇಕು ಎನ್ನುವುದರ ಮೇಲೆ ನಡೆದ ಚರ್ಚೆ ಮಾತ್ರ ಯುದ್ಧದಷ್ಟೇ ಎಳೆಯಿತು. ಆ ಸಭೆಯಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ, "ದುಡ್ಡು ಕೊಟ್ರೆ ಆಯ್ತಾ ಶೆಟ್ರೇ, ಹೋಗಿ ಬಂದೂಕು ಹಿಡಿಯೋರು ಯಾರು?" ಅಂದ. ಶೆಟ್ಟರು ಲೆಕ್ಕದಿಂದ ತಲೆಯೆತ್ತದೆ, "ಅದಕ್ಕೆ ಕೊಡಗಿನೋರು ಇದಾರಲ್ಲಪ್ಪ" ಅಂದರು. ಸಭೆ ನಕ್ಕಿತು, ಕೊಡಗಿನ ಕಡೆಯ ಕಾಫಿಪುಡಿ ಏಜೆಂಟರೊಬ್ಬರನ್ನು ಬಿಟ್ಟು.

ಶೆಟ್ಟರದು ಲೋಕದ ವರ್ತಕರೆಲ್ಲರ ಉತ್ತರ. ಹಣ ನಮ್ಮದು, ದಂಡು ಸರ್ಕಾರದ್ದು. ಆದರೆ ಈ ಉತ್ತರವನ್ನು ಒಪ್ಪದೆ, ದಂಡನ್ನೂ ನಾವೇ ಕೊಡುತ್ತೇವೆ ಎಂದು ಎದ್ದು ನಿಂತ ವರ್ತಕರ ಸಂಘವೊಂದಿತ್ತು. ಅದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಚೇಂಬರ್ ಆಫ್ ಕಾಮರ್ಸ್. 1914ರ ಸೆಪ್ಟೆಂಬರಿನಲ್ಲಿ ಅದು ಒಂದು ಇಡೀ ಬೆಟಾಲಿಯನ್ ಕಟ್ಟಿತು. ಸೈನ್ಯದ ಕಡತದಲ್ಲಿ ಅದು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯ 17ನೇ ಬೆಟಾಲಿಯನ್. ಊರಿನವರ ಬಾಯಲ್ಲಿ ಗ್ಲಾಸ್ಗೋ ಕಮರ್ಷಿಯಲ್ಸ್, ಅಂದರೆ ವ್ಯಾಪಾರದವರು.

ಗ್ಲಾಸ್ಗೋ ನಮಗೆ ಅಷ್ಟೇನೂ ದೂರದ ಊರಲ್ಲ. ಮೈಸೂರಿನ ಅರಮನೆಗೆ ಹೋದವರು ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿ ನವಿಲುಗಳ ಬಣ್ಣದ ಗಾಜನ್ನು ನೋಡುತ್ತ ನಿಲ್ಲುತ್ತಾರಲ್ಲ, ಆ ಗಾಜಿನ ಚಾವಣಿಯನ್ನು ಹೊತ್ತ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಲ್ಲಿ, ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸ್ಯಾರಸನ್ ಫೌಂಡ್ರಿಯಲ್ಲಿ ಎರಕ ಹೊಯ್ದು ಬಂದವು. ಅರಮನೆ ಮುಗಿದದ್ದು 1912ರಲ್ಲಿ. ಹಡಗು, ರೈಲು ಇಂಜಿನ್ನು, ಕಬ್ಬಿಣದ ಕಂಬ, ಏನು ಬೇಕಾದರೂ ಎರಕ ಹೊಯ್ದು ಜಗತ್ತಿನ ಯಾವ ಮೂಲೆಗಾದರೂ ಕಳಿಸುತ್ತಿದ್ದ ಊರು ಅದು. ಅಂಥ ಊರಿನ ವರ್ತಕರ ಸಂಘವೆಂದರೆ ನಮ್ಮ ಪೇಟೆ ಬೀದಿಯ ಸಂಘದ ಹಾಗಲ್ಲ ಎಂದು ನೀವು ಅಂದುಕೊಳ್ಳಬಹುದು. ದೊಡ್ಡತನ ಬೇರೆ ಇರಬಹುದು, ಸ್ವಭಾವ ಒಂದೇ.

ಆ ಸಂಘ ಹುಟ್ಟಿದ್ದೂ ಒಂದು ಯುದ್ಧದ ಬಾಣಂತಿಕೋಣೆಯಲ್ಲೇ. ಅಮೆರಿಕದ ತಂಬಾಕನ್ನು ತಂದು ಯೂರೋಪಿಗೆಲ್ಲ ಮಾರಿ ಗ್ಲಾಸ್ಗೋದ ಸಾಹುಕಾರರು ಬಂಗಲೆ ಕಟ್ಟಿದ್ದರು. ಅಮೆರಿಕದವರು ಬ್ರಿಟಿಷರ ಮೇಲೆ ತಿರುಗಿಬಿದ್ದದ್ದೇ ತಂಬಾಕಿನ ವ್ಯಾಪಾರ ನೆಲಕಚ್ಚಿತು. ಒಬ್ಬೊಬ್ಬರೇ ಅಳುವ ಬದಲು ಎಲ್ಲರೂ ಕೂಡಿ ಸರ್ಕಾರದ ಮುಂದೆ ಅಳೋಣ ಎಂದು, ಆಗ ನಗರದ ಮೇಯರನಂತಿದ್ದ ಪ್ಯಾಟ್ರಿಕ್ ಕಾಲ್ಕೂನ್ ಎಂಬ ವರ್ತಕ 1783ರಲ್ಲಿ ಚೇಂಬರ್ ಸ್ಥಾಪಿಸಿದ. ಅದೇ ವರ್ಷ ರಾಜಮುದ್ರೆಯ ಸನ್ನದೂ ಸಿಕ್ಕಿತು.

1783 ಎಂದಾಗ ನಮ್ಮ ಕಡೆಯದೊಂದು ಸಂಗತಿ ಹೇಳದೆ ಮುಂದಕ್ಕೆ ಹೋಗಲು ಮನಸ್ಸಾಗುವುದಿಲ್ಲ. ಗ್ಲಾಸ್ಗೋದ ವರ್ತಕರು ಸಂಘದ ನಿಯಮಾವಳಿ ಬರೆಯುತ್ತಿದ್ದ ಹೊತ್ತಿಗೆ ಶ್ರೀರಂಗಪಟ್ಟಣದ ಸೆರೆಯಲ್ಲಿ ಸ್ಕಾಟ್ಲೆಂಡಿನ ಸಿಪಾಯಿಗಳು ಕಾಲಿಗೆ ಬೇಡಿ ಹಾಕಿಸಿಕೊಂಡು ಕೂತಿದ್ದರು. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರ ತುಕಡಿಯೊಂದನ್ನು ಚಿಂದಿ ಮಾಡಿದಾಗ ಸಿಕ್ಕಿಬಿದ್ದವರು ಅವರು. ಅವರಲ್ಲಿ ಡೇವಿಡ್ ಬೇರ್ಡ್ ಎಂಬ ಎತ್ತರದ ಕ್ಯಾಪ್ಟನ್ ಒಬ್ಬನಿದ್ದ. ಕೈದಿಗಳನ್ನು ಇಬ್ಬಿಬ್ಬರಾಗಿ ಸರಪಳಿಗೆ ಕಟ್ಟುತ್ತಾರೆ ಎಂಬ ಸುದ್ದಿ ಮುಟ್ಟಿದಾಗ ಅವನ ತಾಯಿ, ಪಾಪ, ನಮ್ಮ ಡೇವಿಯ ಜೊತೆ ಕಟ್ಟಿಸಿಕೊಂಡವನ ಗತಿ ಏನೋ ಎಂದು ಮರುಗಿದಳಂತೆ. ಹೆತ್ತವರಿಗೆ ಮಕ್ಕಳ ಗುಣ ಗೊತ್ತಿರುತ್ತದೆ. 1784ರಲ್ಲಿ ಬಿಡುಗಡೆಯಾಗಿ ಹೋದ ಅದೇ ಬೇರ್ಡ್ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಬಿರುಕಿಗೆ ನುಗ್ಗಿದ ಪಡೆಯ ಮುಂದಾಳಾಗಿ ಬಂದ.

ಈ ಕಥೆ ಇಲ್ಲಿ ಯಾಕೆ ಬಂತೆಂದರೆ, ಆ ಸೆರೆಯಾಳುಗಳ ರೆಜಿಮೆಂಟು ಮುಂದೆ ಅಂಕಿ ಬದಲಾಗಿ 71ನೇದಾಯಿತು. ಕೋಟೆಗೆ ನುಗ್ಗಿದ ದಂಡಿನಲ್ಲಿ 74ನೇದು ಎಂಬ ಇನ್ನೊಂದು ಸ್ಕಾಟಿಷ್ ರೆಜಿಮೆಂಟು ಇತ್ತು. 1881ರಲ್ಲಿ ಈ ಎರಡನ್ನೂ ಕೂಡಿಸಿ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಮಾಡಿದರು. ಗ್ಲಾಸ್ಗೋದ ಊರ ರೆಜಿಮೆಂಟು ಇದೇ. ಮರಾಠರ ಮೇಲೆ ಅಸ್ಸಾಯೆಯಲ್ಲಿ ನಡೆದ ಕದನದ ಗುರುತಿಗಾಗಿ ಅದರ ಟೋಪಿಯ ಬಿಲ್ಲೆಯಲ್ಲಿ ಒಂದು ಪುಟ್ಟ ಆನೆ. ಹಾಗಾಗಿ 1914ರಲ್ಲಿ ಲೆಡ್ಜರು ಮುಚ್ಚಿಟ್ಟು ಸೈನ್ಯಕ್ಕೆ ಸೇರಿದ ಗ್ಲಾಸ್ಗೋದ ಗುಮಾಸ್ತರು ಜೀವಮಾನದಲ್ಲಿ ಆನೆಯನ್ನು ಸರ್ಕಸ್ಸಿನಲ್ಲಿ ಬಿಟ್ಟರೆ ಎಲ್ಲೂ ಕಾಣದಿದ್ದರೂ, ನಮ್ಮ ದಖ್ಖನ್ನಿನ ಆನೆಯನ್ನು ತಲೆಯ ಮೇಲೆ ಹೊತ್ತು ಫ್ರಾನ್ಸಿನ ಕೆಸರಿಗೆ ಹೋದರು.

ಸರಿ, 1914ಕ್ಕೆ ಬರೋಣ. ಆಗಸ್ಟ್ 4ರಂದು ಬ್ರಿಟನ್ ಯುದ್ಧ ಘೋಷಿಸಿತು. ಮರುದಿನ ಯುದ್ಧಮಂತ್ರಿಯಾದ ಲಾರ್ಡ್ ಕಿಚನರ್ ಒಂದು ಲಕ್ಷ ಜನ ಬೇಕು ಎಂದು ಕರೆ ಕೊಟ್ಟ. ನಮ್ಮವರು ಆತನನ್ನು ಭಾರತದ ಸೇನಾಪತಿಯಾಗಿದ್ದಾಗಲೇ ಬಲ್ಲರು. ಮೀಸೆ ಆಗಲೂ ಅಷ್ಟೇ ದೊಡ್ಡದು. ಲಕ್ಷ ಜನ ಬಂದರು, ಹಿಂದೆಯೇ ಇನ್ನೂ ಲಕ್ಷಗಟ್ಟಲೆ ಬಂದರು. ಬಂದವರಿಗೆ ಮಲಗಲು ಜಾಗವಿಲ್ಲ, ತೊಡಲು ಬಟ್ಟೆಯಿಲ್ಲ, ಹಿಡಿಯಲು ಬಂದೂಕಿಲ್ಲ. ಖಾಕಿಯೂ ಸಾಲಲಿಲ್ಲ. ಬಟ್ಟೆಗೆ ಹಾಕುವ ಬಣ್ಣವನ್ನು ಬ್ರಿಟನ್ ಬಹುಮಟ್ಟಿಗೆ ತರಿಸಿಕೊಳ್ಳುತ್ತಿದ್ದದ್ದು ಜರ್ಮನಿಯಿಂದ! ಶತ್ರು ಬಣ್ಣ ಕಳಿಸಿದರೆ ತಾನೆ ಇವರು ಅವನ ಮೇಲೆ ಯುದ್ಧಕ್ಕೆ ಹೊರಡುವುದು? ಕೊನೆಗೆ ಅಂಚೆಯವರ ಸಮವಸ್ತ್ರಕ್ಕೆಂದು ಇಟ್ಟಿದ್ದ ನೀಲಿ ಬಟ್ಟೆಯನ್ನು ತೆಗೆದು ಹೊಸ ಸಿಪಾಯಿಗಳಿಗೆ ಹೊಲಿಸಿದರು. ಅದಕ್ಕೆ ಕಿಚನರ್ ನೀಲಿ ಎಂದೇ ಹೆಸರಾಯಿತು. ಜರ್ಮನಿಯ ಕೃತಕ ನೀಲಿ ಬರುವುದು ನಿಂತದ್ದರಿಂದ ಇತ್ತ ಭಾರತದ ನೀಲಿ ಬೆಳೆಗೆ ಸಾಯುವ ಕಾಲದಲ್ಲಿ ನಾಲ್ಕು ವರ್ಷ ಮತ್ತೆ ಬೆಲೆ ಬಂತು. ಯುದ್ಧದಲ್ಲಿ ಯಾರ ಮನೆಯ ಒಲೆ ಆರಿ ಯಾರ ಮನೆಯದು ಉರಿಯುತ್ತದೆ ಎಂದು ಯಾವ ಜೋಯಿಸರೂ ಹೇಳಲಾರರು.

ಸರ್ಕಾರದ ಕೈ ಕಟ್ಟಿಹೋದ ಈ ಹೊತ್ತಿನಲ್ಲೇ ಊರಿನ ದೊಡ್ಡ ಮನುಷ್ಯರಿಗೆ ಒಂದು ಯೋಚನೆ ಹೊಳೆಯಿತು. ಲಂಡನ್ನಿನ ಷೇರುಪೇಟೆಯ ದಲ್ಲಾಳಿಗಳದೇ ಒಂದು ಬೆಟಾಲಿಯನ್ ಎದ್ದಿತು. ಲಿವರ್‌ಪೂಲಿನಲ್ಲಿ ಲಾರ್ಡ್ ಡರ್ಬಿ, ಒಂದೇ ಆಫೀಸಿನ ಗೆಳೆಯರು ಒಟ್ಟಿಗೆ ಸೇರಿ, ಒಟ್ಟಿಗೇ ಇದ್ದು, ಒಟ್ಟಿಗೇ ಹೋರಾಡಬಹುದು ಎಂದು ಮಾತು ಕೊಟ್ಟ. ಆಗಸ್ಟ್ ಕೊನೆಯ ದಿನ ಅಲ್ಲಿನ ಸೇಂಟ್ ಜಾರ್ಜ್ ಹಾಲಿನಲ್ಲಿ ಸಾಲು ನಿಂತವರು ಹತ್ತಿ ವ್ಯಾಪಾರದವರು ಒಂದು ಕಡೆ, ಧಾನ್ಯದವರು ಇನ್ನೊಂದು ಕಡೆ, ಬ್ಯಾಂಕು ವಿಮೆಯವರು ಮತ್ತೊಂದು ಕಡೆ, ಹಡಗು ಕಂಪನಿಗಳವರು ಮಗದೊಂದು ಕಡೆ. ಹೀಗೆ ಊರೂರಿನವರು ಕಟ್ಟಿದ ದಂಡುಗಳು ನೂರು ದಾಟಿದವು. ಸರ್ಕಾರದ ಷರತ್ತು ಸರಳ: ನಾವು ವಹಿಸಿಕೊಳ್ಳುವವರೆಗೆ ಊಟ, ವಸತಿ, ಬಟ್ಟೆ ನೀವೇ ನೋಡಿಕೊಳ್ಳಿ, ಬಿಲ್ಲು ಆಮೇಲೆ ಕಳಿಸಿ.

ಬಿಲ್ಲು ಆಮೇಲೆ ಕಳಿಸಿ ಎಂದರೆ ವರ್ತಕರಿಗೆ ಇನ್ನೇನು ಬೇಕು? ಸಾವಿರ ಜೊತೆ ಬೂಟು, ಸಾವಿರ ಕಂಬಳಿ, ಸಾವಿರ ತಟ್ಟೆ ಲೋಟ, ಸಾವಿರ ಜನಕ್ಕೆ ಹೊತ್ತಿಗೆ ಸರಿಯಾಗಿ ಊಟ, ಇವುಗಳನ್ನು ಸೇನಾ ಕಚೇರಿಯ ಕಾರಕೂನ ಮೂರು ತಿಂಗಳಲ್ಲಿ ಮಾಡಿದರೆ ಸಗಟು ವ್ಯಾಪಾರಿ ಮೂರು ದಿನದಲ್ಲಿ ಮಾಡುತ್ತಾನೆ. ಯಾರ ಗೋದಾಮಿನಲ್ಲಿ ಏನಿದೆ, ಯಾರು ಸಾಲಕ್ಕೆ ಕೊಡುತ್ತಾರೆ, ಯಾರು ಕಡಿಮೆ ತೂಗುತ್ತಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ನನಗೆ ಈ ಪ್ರಕರಣದಲ್ಲಿ ಬೆರಗು ಹುಟ್ಟಿಸುವುದು ಗ್ಲಾಸ್ಗೋ ವರ್ತಕರ ದೇಶಭಕ್ತಿಗಿಂತ ಅವರ ಈ ಕೈಚಳಕ. ದೇಶಭಕ್ತಿ ಆ ತಿಂಗಳು ಯೂರೋಪಿನ ಗಲ್ಲಿಗಲ್ಲಿಯಲ್ಲಿ ಪುಕ್ಕಟೆ ಸಿಗುತ್ತಿತ್ತು.

ಇನ್ನು ಪೈಪೋಟಿ. ಗ್ಲಾಸ್ಗೋದಲ್ಲಿ ಮೊದಲು ಎದ್ದವರು ಟ್ರಾಮಿನವರು. ನಗರಸಭೆಯ ಟ್ರಾಮ್ ಇಲಾಖೆಯ ಮ್ಯಾನೇಜರ್ ಜೇಮ್ಸ್ ಡಾಲ್ರಿಂಪಲ್ ಎಂಬವನು ತನ್ನ ಡ್ರೈವರು ಕಂಡಕ್ಟರುಗಳಿಗೆ ಕರೆ ಕೊಟ್ಟದ್ದೇ ತಡ, ಹದಿನಾರು ಗಂಟೆಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಅದು 15ನೇ ಬೆಟಾಲಿಯನ್. 1883ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಬಾಯ್ಸ್ ಬ್ರಿಗೇಡ್ ಎಂಬ ಕ್ರೈಸ್ತ ಹುಡುಗರ ಸಂಘದ ಹಳಬರು 16ನೇದನ್ನು ತುಂಬಿದರು. ಕಂಡಕ್ಟರುಗಳು ಕೊಟ್ಟರು, ಭಾನುವಾರದ ಪ್ರಾರ್ಥನೆಯ ಹುಡುಗರು ಕೊಟ್ಟರು, ಚೇಂಬರ್ ಆಫ್ ಕಾಮರ್ಸ್ ಕೊಡಲಿಲ್ಲ ಎಂದಾದರೆ? ಪಟ್ಟಿ ಗಲ್ಲಾಪೆಟ್ಟಿಗೆಯ ಮೇಲೆ ಬಿಚ್ಚಿಕೊಂಡಾಗಿತ್ತು. 17ನೇದು ಎದ್ದಿತು.

ಅದರ ನಾಲ್ಕು ಕಂಪನಿಗಳ ರಚನೆಯೇ ಊರಿನ ಪೇಟೆಯ ನಕ್ಷೆ. ಎ ಕಂಪನಿಯಲ್ಲಿ ರಾಯಲ್ ಟೆಕ್ನಿಕಲ್ ಕಾಲೇಜಿನ ವಿದ್ಯಾರ್ಥಿಗಳು. ಬಿ ಕಂಪನಿಯಲ್ಲಿ ನಗರದ ಒಳ್ಳೆಯ ಶಾಲೆಗಳಲ್ಲಿ ಓದಿದ ಹುಡುಗರು. ಸಿ ಮತ್ತು ಡಿ ಕಂಪನಿಗಳಲ್ಲಿ ವ್ಯಾಪಾರದ ಮನೆಗಳ, ಗೋದಾಮುಗಳ ನೌಕರರು. ತಮ್ಮ ತಮ್ಮ ಆಫೀಸಿನಲ್ಲಿ ಬಿಳಿ ಕಾಲರ್ ಕೊಳೆಯಾಗದ ಹಾಗೆ ಕೆಲಸ ಮಾಡುತ್ತಿದ್ದವರು ದಿನಕ್ಕೊಂದು ಶಿಲಿಂಗಿನ ಸಂಬಳಕ್ಕೆ ಬೂಟು ಉಜ್ಜತೊಡಗಿದರು. ತಿರುಗಿ ಬಂದಾಗ ನಿಮ್ಮ ಕುರ್ಚಿ ನಿಮಗೇ ಎಂದು ಬ್ರಿಟನ್ನಿನ ಅನೇಕ ಕಂಪನಿಗಳು ಹೊರಟವರಿಗೆ ಮಾತು ಕೊಟ್ಟವು. ಕುರ್ಚಿ ಖಾಲಿ ಇಡಲಂತೂ ಆಗುವುದಿಲ್ಲ. ಹೆಂಗಸರು ಬಂದು ಕೂತರು. 1915ರಲ್ಲಿ ಗ್ಲಾಸ್ಗೋದ ಟ್ರಾಮುಗಳಲ್ಲಿ ಹೆಣ್ಣು ಕಂಡಕ್ಟರುಗಳು ಚೌಕಳಿಯ ಉದ್ದ ಲಂಗ ತೊಟ್ಟು ಟಿಕೆಟ್ಟು ಹರಿಯತೊಡಗಿದಾಗ, ಜಗತ್ತು ಮುಳುಗಿತು ಎಂದವರೂ ಇದ್ದರು. ಟ್ರಾಮು ಮಾತ್ರ ಹೊತ್ತಿಗೆ ಸರಿಯಾಗಿ ಓಡಿತು.

ಓದು ಬರಹ ಬಲ್ಲ ದಂಡಾದ್ದರಿಂದ ವ್ಯಾಪಾರದವರು ತಮ್ಮದೇ ಒಂದು ಪತ್ರಿಕೆಯನ್ನೂ ನಡೆಸಿದರು. ಹೆಸರು 'ದಿ ಔಟ್‌ಪೋಸ್ಟ್'. ನಗೆಬರಹ, ಪದ್ಯ, ವ್ಯಂಗ್ಯಚಿತ್ರ ಎಲ್ಲ ಇರುತ್ತಿದ್ದವು. ಒಂದು ಕಡೆ ಹತ್ತು ಗುಮಾಸ್ತರು ಸೇರಿದರೆ ಮೊದಲು ನಾಟಕ ಸಂಘ, ಆಮೇಲೆ ಕೈಬರಹದ ಪತ್ರಿಕೆ ಹುಟ್ಟುವುದು ಬೆಂಗಳೂರಿನ ಸರ್ಕಾರಿ ಕಚೇರಿಗಳನ್ನು ನೋಡಿದವರಿಗೆ ಗೊತ್ತು. ಕಂದಕದಲ್ಲೂ ಅವರು ಆ ಚಾಳಿ ಬಿಡಲಿಲ್ಲ ಎನ್ನುವುದು ನನಗೆ ಬಹಳ ಪ್ರಿಯವಾದ ಸಂಗತಿ.

ಇತ್ತ ಊರಿನಲ್ಲಿ ಉಳಿದ ವ್ಯಾಪಾರಸ್ಥರು ಏನು ಮಾಡುತ್ತಿದ್ದರು? ಎಲ್ಲರೂ ಚೇಂಬರಿನ ಸಭೆಯಲ್ಲಿ ಚಪ್ಪಾಳೆ ತಟ್ಟುತ್ತಿರಲಿಲ್ಲ. ಹಡಗುಕಟ್ಟೆಗಳಿಗೂ ಮದ್ದುಗುಂಡಿನ ಕಾರ್ಖಾನೆಗಳಿಗೂ ಕೆಲಸಕ್ಕೆಂದು ಜನ ಸಾವಿರಾರು ಸಂಖ್ಯೆಯಲ್ಲಿ ಗ್ಲಾಸ್ಗೋಗೆ ಬಂದು ಸೇರಿದರು. ಮನೆ ಕಡಿಮೆ, ಜನ ಹೆಚ್ಚು. ವಠಾರದ ಮಾಲೀಕರು ಬಾಡಿಗೆ ಏರಿಸಿದರು. ಅದೂ ಯಾರ ಮೇಲೆ? ಗಂಡಂದಿರನ್ನು ಸೈನ್ಯಕ್ಕೆ ಕಳಿಸಿ ಒಂಟಿಯಾಗಿ ಕೂತ ಹೆಂಗಸರ ಮೇಲೂ! ದಂಡು ಕೊಟ್ಟದ್ದೂ ವ್ಯಾಪಾರಸ್ಥರೇ, ದಂಡಿಗೆ ಹೋದವನ ಹೆಂಡತಿಗೆ ನೋಟಿಸು ಕೊಟ್ಟದ್ದೂ ವ್ಯಾಪಾರಸ್ಥರೇ. ಒಂದೇ ಕೈ ಎರಡೂ ಕೆಲಸ ಮಾಡಿತೆಂದು ನಾನು ಹೇಳುತ್ತಿಲ್ಲ. ಒಂದೇ ಪೇಟೆ ಎರಡನ್ನೂ ಮಾಡಿತು, ಅಷ್ಟೆ.

ಗೋವನ್ ಎಂಬ ಬಡಾವಣೆಯ ಮೇರಿ ಬಾರ್ಬರ್ ಎಂಬ ಗೃಹಿಣಿ ಹೆಂಗಸರನ್ನು ಕೂಡಿಸಿದಳು. ಹೆಚ್ಚಿಸಿದ ಬಾಡಿಗೆ ಕೊಡುವುದಿಲ್ಲ ಎಂದು ಕಿಟಕಿಗಳಲ್ಲಿ ಫಲಕ ಹಾಕಿದರು. ವಠಾರದ ಬಾಗಿಲಲ್ಲಿ ಒಬ್ಬಳು ಕೈಗಂಟೆ ಹಿಡಿದು ಕಾವಲು. ಮನೆ ಖಾಲಿ ಮಾಡಿಸುವ ಅಮೀನ ತಲೆ ತೋರಿಸಿದ್ದೇ ಗಂಟೆ ಬಾರಿಸುವುದು, ಅಡುಗೆ ಮನೆಗಳಿಂದ ಹೆಂಗಸರು ಓಡಿ ಬಂದು ಹಿಟ್ಟಿನ ಪೊಟ್ಟಣದಿಂದ ಹೊಡೆಯುವುದು. ಸಿಪಾಯಿಗಳಿಗಿಂತ ಮೊದಲೇ ಗೆದ್ದವರು ಇವರು. 1915ರ ನವೆಂಬರ್ 17ರಂದು ಬಾಡಿಗೆ ಕೊಡದವರ ಮೇಲಿನ ಮೊಕದ್ದಮೆ ಕೋರ್ಟಿಗೆ ಬಂದಾಗ ಹಡಗುಕಟ್ಟೆಗಳ ಕೆಲಸಗಾರರೆಲ್ಲ ಸುತ್ತಿಗೆ ಕೆಳಗಿಟ್ಟು ಕೋರ್ಟಿನ ಮುಂದೆ ಬಂದು ನಿಂತರು. ಮೊಕದ್ದಮೆ ಬಿದ್ದುಹೋಯಿತು. ಡಿಸೆಂಬರಿನಲ್ಲಿ ಪಾರ್ಲಿಮೆಂಟು ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ಮಟ್ಟಕ್ಕೆ ಕಟ್ಟಿಹಾಕುವ ಕಾಯಿದೆ ಮಾಡಿತು. ಅದೇ ವರ್ಷ ಯುದ್ಧದಿಂದ ಉಬ್ಬಿದ ಲಾಭದ ಮೇಲೆ ಶೇಕಡ 50 ತೆರಿಗೆ ಬಂತು, 1917ರ ಹೊತ್ತಿಗೆ ಅದು 80ಕ್ಕೆ ಏರಿತು. ಇಷ್ಟು ತೆರಿಗೆ ಹಾಕಬೇಕಾದರೆ ಲಾಭ ಎಷ್ಟು ಉಬ್ಬಿತ್ತು ಎಂದು ನೀವೇ ಲೆಕ್ಕ ಹಾಕಿ.

ಹೆಂಗಸರು ಗೆದ್ದ ಅದೇ ನವೆಂಬರಿನಲ್ಲಿ ವ್ಯಾಪಾರದವರ ಬೆಟಾಲಿಯನ್ ಫ್ರಾನ್ಸಿಗೆ ಇಳಿಯಿತು.

1916ರ ಜುಲೈ 1ರ ಬಗ್ಗೆ ಬರೆಯದೆ ಈ ಹರಟೆಯನ್ನು ಮುಗಿಸುವ ಹಾಗಿದ್ದರೆ ಚೆನ್ನಾಗಿತ್ತು. ಸೋಮ್ ನದಿಯ ದಂಡೆಯ ಆ ಶನಿವಾರ ಬ್ರಿಟಿಷ್ ಸೈನ್ಯದ ಚರಿತ್ರೆಯಲ್ಲೇ ಅತಿ ಕೆಟ್ಟ ದಿನ. ಒಂದು ವಾರ ಹಗಲು ರಾತ್ರಿ ಫಿರಂಗಿ ಹಾರಿಸಿದ್ದಾರೆ, ಜರ್ಮನರ ಕಂದಕದಲ್ಲಿ ಇಲಿಯೂ ಉಳಿದಿರುವುದಿಲ್ಲ, ಮುಳ್ಳುತಂತಿ ಚೂರಾಗಿರುತ್ತದೆ, ಸುಮ್ಮನೆ ನಡೆದುಕೊಂಡು ಹೋಗಿ ಎಂದು ಮೇಲಿನವರು ಹೇಳಿದ್ದರು. ಮುಳ್ಳುತಂತಿ ಬಹಳ ಕಡೆ ಹಾಗೇ ಇತ್ತು. (ಮುಳ್ಳುತಂತಿಯನ್ನು ಸಿಡಿಸಿ ದಾರಿ ಮಾಡಲು ಉದ್ದನೆಯ ಕೊಳವೆಯಲ್ಲಿ ಸಿಡಿಮದ್ದು ತುಂಬಿದ ಸಾಧನವೊಂದು ಆಗಲೇ ಇತ್ತು, ಮದ್ರಾಸ್ ಸ್ಯಾಪರ್ಸ್‌ನ ಮೆಕ್ಲಿಂಟಾಕ್ ಎಂಬ ಕ್ಯಾಪ್ಟನ್ 1912ರಲ್ಲಿ ಅದನ್ನು ಮಾಡಿದ್ದು ನಮ್ಮ ಬೆಂಗಳೂರಿನಲ್ಲಿ. ಇಂದಿಗೂ ಜಗತ್ತಿನ ಸೈನ್ಯಗಳಲ್ಲಿ ಅದರ ಹೆಸರು ಬ್ಯಾಂಗಲೋರ್ ಟಾರ್ಪೀಡೊ. ನಮ್ಮ ಊರಿನ ಹೆಸರು ಊರೂರಿಗೆ ಹೋದದ್ದು ಸಾಫ್ಟ್‌ವೇರಿನಿಂದ ಎನ್ನುವವರಿಗೆ ಇದನ್ನು ಹೇಳಬೇಕು.) ಆ ಒಂದೇ ದಿನ ಬ್ರಿಟಿಷ್ ಸೈನ್ಯದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 57,470. ಸತ್ತವರೇ 19,240.

ಗ್ಲಾಸ್ಗೋದವರ ಪಾಲಿಗೆ ಬಂದದ್ದು ತಿಯೆಪ್‌ವಾಲ್ ಹಳ್ಳಿಯ ಹತ್ತಿರ ಹಳೆಯ ಸುಣ್ಣಕಲ್ಲಿನ ಗಣಿಯನ್ನೇ ಕೋಟೆ ಮಾಡಿಕೊಂಡಿದ್ದ ಜಾಗ. ಅದರ ಹೆಸರು ಲೈಪ್‌ಜಿಗ್ ರೆಡೌಟ್. ಲೈಪ್‌ಜಿಗ್ ಜರ್ಮನಿಯಲ್ಲಿ ವ್ಯಾಪಾರದ ಜಾತ್ರೆಗೆ ನೂರಾರು ವರ್ಷಗಳಿಂದ ಹೆಸರಾದ ಊರು. ಯುದ್ಧವಿಲ್ಲದಿದ್ದರೆ ಈ ಹುಡುಗರಲ್ಲಿ ಕೆಲವರಾದರೂ ಮಾದರಿ ಪೆಟ್ಟಿಗೆ ಹಿಡಿದುಕೊಂಡು ನಿಜವಾದ ಲೈಪ್‌ಜಿಗ್ಗಿಗೆ ಹೋಗಿ, ಅಲ್ಲಿನ ವರ್ತಕರೊಡನೆ ಬಿಯರ್ ಕುಡಿದು, ಆರ್ಡರು ಬರೆದುಕೊಂಡು ಬರುತ್ತಿದ್ದರೇನೋ.

ಅವರ ಬ್ರಿಗೇಡಿಗೆ ಜಾರ್ಡಿನ್ ಎಂಬ ತಲೆಯಿದ್ದ ಬ್ರಿಗೇಡಿಯರ್ ಇದ್ದ. ರಷ್ಯಾ ಜಪಾನ್ ಯುದ್ಧದಲ್ಲಿ ವೀಕ್ಷಕನಾಗಿ ಜಪಾನಿಗಳ ಜೊತೆ ಇದ್ದು ಬಂದವನು. ಫಿರಂಗಿ ನಿಂತಮೇಲೆ ಹೊರಟರೆ ಸತ್ತಿರಿ, ಫಿರಂಗಿ ಸಿಡಿಯುತ್ತಿರುವಾಗಲೇ ಶತ್ರುವಿನ ಮೂಗಿನ ತನಕ ತೆವಳಬೇಕು ಎನ್ನುವುದು ಅವನು ಅಲ್ಲಿ ಕಲಿತ ಪಾಠ. ಉಳಿದವರು 7.30ಕ್ಕೆ ಎದ್ದು ನಡೆಯಲು ಕಾಯುತ್ತಿದ್ದಾಗ ವ್ಯಾಪಾರದವರು 7.23ಕ್ಕೇ ಕಂದಕದಿಂದ ಹೊರಬಂದು ತೆವಳುತ್ತ ಜರ್ಮನರ ಸಾಲಿಗೆ ಮೂವತ್ತು ನಲವತ್ತು ಗಜದಷ್ಟು ಹತ್ತಿರ ಹೋಗಿ ಮಲಗಿದರು. ಫಿರಂಗಿ ನಿಂತ ಕ್ಷಣದಲ್ಲಿ ಒಂದೇ ನೆಗೆತ. ಜರ್ಮನರು ನೆಲಮಾಳಿಗೆಯಿಂದ ಮೇಲೆ ಹತ್ತುವಷ್ಟರಲ್ಲಿ ಇವರು ಒಳಗೆ ಇದ್ದರು. ಆ ದಿನ ಆ ಭಾಗದಲ್ಲಿ ಯಾರಾದರೂ ಏನನ್ನಾದರೂ ಹಿಡಿದು ಉಳಿಸಿಕೊಂಡರೆಂದರೆ ಅದು ಇದೊಂದೇ ಗಣಿ. ಸಮಯಕ್ಕೆ ಏಳು ನಿಮಿಷ ಮುಂಚೆ ಹೋಗಿ ಅಂಗಡಿ ಬಾಗಿಲಲ್ಲಿ ನಿಲ್ಲುವುದು ಒಳ್ಳೆಯ ಗುಮಾಸ್ತನ ಲಕ್ಷಣ; ಆ ಏಳು ನಿಮಿಷ ಅವರನ್ನು ಗೆಲ್ಲಿಸಿತು.

ಗೆದ್ದವರೆಂದರೂ ಲೆಕ್ಕ ಹಗುರವಾಗಲಿಲ್ಲ. ಗಣಿಯಿಂದ ಮುಂದಕ್ಕೆ ಹೋಗಲು ನೋಡಿದಾಗ ಮೆಷಿನ್ ಗನ್ನು ಎದುರಾಯಿತು. ಜೇಮ್ಸ್ ಟರ್ನ್‌ಬುಲ್ ಎಂಬ ಸಾರ್ಜೆಂಟ್, ಊರಿನ ಕಾರ್ಥಾ ಕ್ಲಬ್ಬಿನಲ್ಲಿ ರಗ್ಬಿ ಆಡುತ್ತಿದ್ದ 32 ವರ್ಷದ ಆಳು, ಒಂದು ಮೂಲೆಯನ್ನು ಇಡೀ ದಿನ ಹಿಡಿದು ನಿಂತ. ಜೊತೆಯವರು ಬಿದ್ದಂತೆಲ್ಲ ಬೇರೆಯವರು ಬಂದರು, ಅವರೂ ಬಿದ್ದರು, ಅವನು ಕೈಬಾಂಬು ಎಸೆಯುತ್ತಲೇ ಇದ್ದ. ಆ ದಿನವೇ ಗುಂಡು ತಗುಲಿ ಸತ್ತ. ವಿಕ್ಟೋರಿಯಾ ಕ್ರಾಸ್ ಅವನ ಹೆಸರಿಗೆ ಬಂತು. ಬೆಟಾಲಿಯನ್ನಿನಲ್ಲಿ ಸತ್ತವರು ಮತ್ತು ಗಾಯಗೊಂಡವರು ಸೇರಿ ನಾನೂರು ದಾಟಿದರು. ಪಕ್ಕದಲ್ಲೇ ಮುನ್ನುಗ್ಗಿದ 16ನೇದು, ಆ ಪ್ರಾರ್ಥನೆಯ ಹುಡುಗರದು, ಕತ್ತರಿಸದೆ ಉಳಿದ ಮುಳ್ಳುತಂತಿಗೆ ಸಿಕ್ಕಿ ಐನೂರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು.

ಲಾರ್ಡ್ ಡರ್ಬಿ ಕೊಟ್ಟ ಮಾತು ಅಕ್ಷರಶಃ ನಡೆದದ್ದು ಹೀಗೆ. ಒಟ್ಟಿಗೆ ಸೇರಿದವರು ಒಟ್ಟಿಗೇ ಹೋದರು. ಮಾಮೂಲಿ ಸೈನ್ಯದಲ್ಲಿ ಸಾವು ದೇಶದ ತುಂಬ ಹಂಚಿ ಬೀಳುತ್ತದೆ, ಒಂದು ಬೀದಿಗೆ ಒಂದು. ಇಲ್ಲಿ ಒಂದು ಗೋದಾಮಿನ ಮೇಲೆ, ಒಂದು ತರಗತಿಯ ಮೇಲೆ, ಒಂದು ಬೀದಿಯ ಮೇಲೆ ಒಂದೇ ವಾರದಲ್ಲಿ ಬಿತ್ತು. ಚೇಂಬರಿನವರು ಜಾಣ ವ್ಯಾಪಾರಿಗಳು. ಎಲ್ಲ ಸರಕನ್ನೂ ಒಂದೇ ಹಡಗಿಗೆ ತುಂಬಬಾರದು ಎಂಬುದು ಅವರ ಅಜ್ಜಂದಿರು ತಂಬಾಕಿನ ಕಾಲದಲ್ಲೇ ಕಲಿತ ಪಾಠ. ಹುಡುಗರ ವಿಷಯಕ್ಕೆ ಬಂದಾಗ ಆ ಪಾಠ ಯಾರಿಗೂ ನೆನಪಾಗಲಿಲ್ಲ. ನೆನಪಾಗಿದ್ದರೂ ಹೇಳುವುದು ಕಷ್ಟವಿತ್ತು. ಗೆಳೆಯರೊಂದಿಗೆ ಹೋಗಬಹುದು ಎನ್ನುವ ಆಸೆಯಿಂದಲೇ ತಾನೆ ಅವರು ಬಂದದ್ದು? 1916ರಲ್ಲಿ ಕಡ್ಡಾಯ ಭರ್ತಿಯ ಕಾನೂನು ಬಂದಮೇಲೆ ಊರಿನ ದಂಡು, ಪೇಟೆಯ ದಂಡು ಎಂಬ ಮಾತು ನಿಂತಿತು. ಬಂದವನನ್ನು ಎಲ್ಲಿ ಜಾಗವಿದೆಯೋ ಅಲ್ಲಿಗೆ ಹಾಕಿದರು.

ಅದೇ 1916ರಲ್ಲಿ ಬೆಂಗಳೂರಿನಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ, ಮೈಸೂರು ಚೇಂಬರ್ ಆಫ್ ಕಾಮರ್ಸ್ ಹುಟ್ಟಿತು. ಅದು ಯುದ್ಧಕ್ಕೆಂದು ಹುಟ್ಟಿದ್ದಲ್ಲ; ಕಾರ್ಖಾನೆ, ಬ್ಯಾಂಕು, ರೈಲು ಇವುಗಳ ಕನಸಿನಲ್ಲಿ ಹುಟ್ಟಿದ್ದು. ನಮ್ಮ ವರ್ತಕರನ್ನು ಯಾರೂ ದಂಡು ಕಟ್ಟಿ ಎಂದು ಕೇಳಲಿಲ್ಲ. ಕೇಳಿದ್ದರೆ ಚಿಕ್ಕಪೇಟೆ ಒಂದು ಬೆಟಾಲಿಯನ್, ತರಗುಪೇಟೆ ಒಂದು, ಅವೆನ್ಯೂ ರಸ್ತೆ ಒಂದು ಎಂದು ಎದ್ದು, ಮುಂದೆ ನಡೆಯುವವರು ಯಾರು ಎಂಬ ತಕರಾರಿನಲ್ಲೇ ಯುದ್ಧ ಮುಗಿದು, ಎಲ್ಲರೂ ಬದುಕಿ ಉಳಿಯುತ್ತಿದ್ದರು.

ಗ್ಲಾಸ್ಗೋದ ಪೇಟೆ ಯುದ್ಧದ ಕೊನೆಯ ವರ್ಷ ತನ್ನ ಹಳೆಯ ವಿದ್ಯೆಗೆ ಮರಳಿತು. ಯುದ್ಧದ ಬಾಂಡು ಮಾರಲು ಸರ್ಕಾರ ಊರೂರಿಗೆ ನಿಜವಾದ ಟ್ಯಾಂಕುಗಳನ್ನು ಕಳಿಸುತ್ತಿತ್ತು. ಚೌಕದ ನಡುವೆ ಟ್ಯಾಂಕು ನಿಲ್ಲಿಸಿ, ಅದರ ಹೊಟ್ಟೆಯಲ್ಲೇ ಮೇಜು ಹಾಕಿ ಬಾಂಡು ಮಾರುವುದು. ಯಾವ ಊರು ಎಷ್ಟು ಕೊಟ್ಟಿತು ಎಂದು ಪತ್ರಿಕೆಯಲ್ಲಿ ದಿನಾ ಪಟ್ಟಿ. ಪಟ್ಟಿ ಎಂದಮೇಲೆ ಗೊತ್ತಲ್ಲ! 1918ರ ಜನವರಿಯಲ್ಲಿ 'ಜೂಲಿಯನ್' ಎಂಬ ಟ್ಯಾಂಕು ಗ್ಲಾಸ್ಗೋದ ಜಾರ್ಜ್ ಚೌಕಕ್ಕೆ ಬಂತು. ಒಂದೇ ವಾರದಲ್ಲಿ 1 ಕೋಟಿ 40 ಲಕ್ಷ ಪೌಂಡಿಗೂ ಮೀರಿ ಬಾಂಡು ಬಿಕರಿಯಾಯಿತು. ಲಂಡನ್ ಸೇರಿದಂತೆ ಎಲ್ಲ ಊರುಗಳೂ ಹಿಂದೆ ಬಿದ್ದವು. ಆದರೆ ತಲೆಗೆ ಎಷ್ಟು ಎಂದು ಭಾಗಿಸಿ ನೋಡಿದಾಗ ವೆಸ್ಟ್ ಹಾರ್ಟ್‌ಲ್‌ಪೂಲ್ ಎಂಬ ಪುಟ್ಟ ಬಂದರಿನ ಊರು ಮುಂದೆ ಬಂದುಬಿಟ್ಟಿತು. ಮೊತ್ತದಲ್ಲಿ ಗೆದ್ದವರು ಭಾಗಾಕಾರವನ್ನು ಒಪ್ಪುವುದಿಲ್ಲ. ಗ್ಲಾಸ್ಗೋದವರು ಇಂದಿಗೂ ಒಪ್ಪಿರಲಾರರು.

ಅದರ ಮರುತಿಂಗಳೇ, ಫೆಬ್ರುವರಿಯಲ್ಲಿ, ಸೈನ್ಯದವರು ಪ್ರತಿ ಬ್ರಿಗೇಡಿನ ನಾಲ್ಕು ಬೆಟಾಲಿಯನ್ನುಗಳನ್ನು ಮೂರಕ್ಕೆ ಇಳಿಸಿದರು. ಜನವೇ ಉಳಿದಿರಲಿಲ್ಲ. ಮುಚ್ಚಿಹೋದವುಗಳಲ್ಲಿ 17ನೇದೂ ಒಂದು. ಉಳಿದವರನ್ನು ಬೇರೆ ದಂಡುಗಳಿಗೆ ಹಂಚಿದರು. 1920ರಲ್ಲಿ ಅದರ ಚರಿತ್ರೆಯ ಪುಸ್ತಕ ಬಂತು, ಹೆಸರಿನಲ್ಲೇ ಗ್ಲಾಸ್ಗೋ ಚೇಂಬರ್ ಆಫ್ ಕಾಮರ್ಸ್ ಬೆಟಾಲಿಯನ್ ಎಂದು ಹೇಳಿಕೊಂಡು.

ಜನರ ಸಾಲ ಹಾಗಾದರೆ ಹಣದ ಸಾಲ ಏನಾಯಿತು? ಆ ಯುದ್ಧಕ್ಕೆಂದು ಬ್ರಿಟನ್ ಎತ್ತಿದ ಅತಿ ದೊಡ್ಡ ಸಾಲ 1917ರ ವಾರ್ ಲೋನ್, ಬಡ್ಡಿ ಶೇಕಡ 5. 1932ರಲ್ಲಿ ಅರ್ಥಸಚಿವ ನೆವಿಲ್ ಚೇಂಬರ್‌ಲೇನ್ ಮತ್ತೆ ದೇಶಭಕ್ತಿಯ ಹೆಸರಿನಲ್ಲೇ ಮನವಿ ಮಾಡಿಕೊಂಡು ಬಡ್ಡಿಯನ್ನು ಮೂರೂವರೆಗೆ ಇಳಿಸಿದ. ಬಹುಪಾಲು ಜನ ಒಪ್ಪಿಕೊಂಡರು. ಉಳಿದ ಅಸಲನ್ನು ಸರ್ಕಾರ ಚುಕ್ತಾ ಮಾಡಿದ್ದು 2015ರ ಮಾರ್ಚ್ 9ರಂದು. ಅಷ್ಟು ಹೊತ್ತಿಗೆ ಬಾಂಡುಗಳು ಲಕ್ಷಾಂತರ ಜನ ವಾರಸುದಾರರ ಕೈ ದಾಟಿದ್ದವು, ಮೊದಲು ಕೊಂಡವರ ಮೊಮ್ಮಕ್ಕಳಿಗೂ ನರೆ ಬಂದಿತ್ತು. ಮೈಸೂರಿನ ಮಹಾರಾಜರು 1914ರಲ್ಲಿ ಇದೇ ಯುದ್ಧಕ್ಕೆ ಕೊಟ್ಟ 50 ಲಕ್ಷ ರೂಪಾಯಿಗೆ ಇಂಥ ರಗಳೆಯೇನೂ ಇರಲಿಲ್ಲ. ಅದು ಸಾಲವಾಗಿರಲಿಲ್ಲ, ಕಾಣಿಕೆ. ಆದ್ದರಿಂದ ಅದರ ಅಸಲು ಬಡ್ಡಿಗಳ ಮಾತು ಲಂಡನ್ನಿನಲ್ಲಿ ಯಾರೂ ಎತ್ತಬೇಕಾಗಿ ಬರಲಿಲ್ಲ.